ಇಣುಕಪ್ಪನ ದೀಪದ ಗಿಡ

ಪುಸ್ತಕಗಳಿಗೆ ರಟ್ಟು ಕಟ್ಟುವ ಅವನನ್ನು ಅಕ್ಕ ಚಿಕ್ಕಂದಿನಿಂದಲೂ ಕರೆಯುತ್ತಿದ್ದುದು ಇಣುಕಪ್ಪ ಎಂದೇ. ಮುಚ್ಚಿದ್ದು ಏನೇ ಇರಲಿ, ಎತ್ತಿ ನೋಡದೆ ಅವನಿಗೆ ಸಮಾಧಾನವಿಲ್ಲ. ಅಂಥವನ ಕೈಗೇ ಅವಳು ಒಂದು ಗಡ್ಡೆ ಕೊಟ್ಟಳು.

“ನಮ್ಮ ಅಂಗಳಕ್ಕೆಲ್ಲ ಸಿಮೆಂಟ್ ಬಳಿದುಬಿಟ್ರು ಕಣೋ. ಅಮ್ಮನ ದೀಪದ ಗಿಡದಲ್ಲಿ ಉಳಿದಿರೋದು ಇದೊಂದೇ. ನೆರಳಲ್ಲಿ ನೆಡು, ಕೈ ಹಾಕಬೇಡ. ಹೂ ಬಿಟ್ಟಾಗ ಬರ್ತೀನಿ, ನನ್ನ ಹೊಸ ಮನೆಗೊಂದು ತುಂಡು ಕೊಡು.”

ಅಂಗಡಿಯ ಹಿಂದಿನ ಗೋಡೆಯ ಬುಡಕ್ಕೆ ಬಿಸಿಲು ದಾರಿ ತಪ್ಪಿಯೂ ಬಂದದ್ದಿಲ್ಲ. ಅಲ್ಲೇ ನೆಟ್ಟು ಕೈಮುಗಿದ. ಹದಿನೈದೇ ದಿನಕ್ಕೆ ಅಗೆದ. ಕೂದಲೆಳೆಯಂಥ ಎರಡು ಬೇರು! ತೊಟ್ಟಿಲಿಗೆ ಇಣುಕಿದವನಂತೆ ನೋಡಿ ಮುಚ್ಚಿದ. ತಿಂಗಳಿಗೆ ಮತ್ತೆ ಅಗೆದ. ಎರಡು ವರ್ಷ ಇದೇ ಕಥೆ. ಪ್ರತಿ ಸಲ ಬೇರು ಹರಿಯುತ್ತಿತ್ತು, ಚಿಗುರು ಗೇಣುದ್ದವಾಗುವ ಮೊದಲೇ ಬಾಡುತ್ತಿತ್ತು. ಗಡ್ಡೆ ಈಗ ನೆಲ್ಲಿಕಾಯಿಯಷ್ಟಕ್ಕೆ ಇಳಿದಿತ್ತು.

“ದೇವರು ಒಳಗೇನು ಮಾಡ್ತಿದಾನೆ ಅಂತ ನೋಡಬಾರದೇನೇ?” ಎಂದ ಹೆಂಡತಿಗೆ.

ಅವಳು ಹೋಗಿ, ಅಂಟು ಹಚ್ಚಿದ ಪುಸ್ತಕವನ್ನು ಅದುಮಿಟ್ಟಿದ್ದ ಪ್ರೆಸ್ಸಿನ ತಿರುಪು ಸಡಿಲಿಸತೊಡಗಿದಳು.

“ಏ ಏ! ಈಗ ತಾನೇ ಅಂಟು ಹಾಕಿದೀನಿ. ತೆಗೆದ್ರೆ ಬೆನ್ನು ಬಿಟ್ಕೊಳ್ಳುತ್ತೆ!”

“ಅಂಟು ಕಚ್ಚಿದೆಯೋ ಇಲ್ವೋ ನೋಡಬಾರದೇನ್ರೀ?”

ಅವನು ತಿರುಪನ್ನು ಮತ್ತೆ ಬಿಗಿ ಮಾಡಿದ. ಪ್ರೆಸ್ಸಿನ ಮೇಲೆ ತೂಗುಹಾಕಿದ್ದ ‘ಒಣಗುವವರೆಗೆ ಮುಟ್ಟಬೇಡಿ’ ಎಂಬ ರಟ್ಟನ್ನು ಬಿಚ್ಚಿ ತಂದು ಗಡ್ಡೆಯ ಪಕ್ಕ ನೆಟ್ಟ.

“ಒಣಗುವವರೆಗೆ ಅಂತ ಬರೆದಿದೆಯಲ್ರೀ, ಬಿಡ್ತು ಅನ್ನಿ!” ಎಂದಳು ಹೆಂಡತಿ. ಅವನು ಮೊದಲ ಪದಕ್ಕೆ ಮಸಿ ಬಳಿದ; ‘ಮುಟ್ಟಬೇಡಿ’ ಎಂದಷ್ಟೇ ಉಳಿಯಿತು.

ಇಣುಕುವ ಚಟವೇನೂ ಹೋಗಲಿಲ್ಲ. ಮಣ್ಣಿನ ಮೇಲೆ ಕಂಡಷ್ಟನ್ನೇ ಇಣುಕಿದ. ಮಡಿಚಿಕೊಂಡು ಹುಟ್ಟುವ ಎಲೆ ಬಿಚ್ಚಿಕೊಳ್ಳಲು ಎಷ್ಟು ದಿನ? ಬಿಸಿಲೇ ಇಲ್ಲದ ಕಡೆ ಇಷ್ಟು ಹಸಿರು ಎಲ್ಲಿಂದ? ಚಳಿಗೆ ಗಿಡ ಪೂರ್ತಿ ನೆಲ ಸೇರಿದಾಗ ಬೆರಳು ತುರಿಸಿದವು. ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡು, ‘ನೀನೇ ನೋಡ್ಕೊಳ್ಳಪ್ಪ’ ಎಂದು ದೇವರಿಗೆ ಹೇಳಿ ಒಳಬಂದ.

ರಟ್ಟು ನೆಟ್ಟ ಮೇಲಿನ ಮೂರನೆಯ ಬೇಸಿಗೆಗೆ ಗಿಡ ಕಿಟಕಿ ದಾಟಿತು, ಅವನ ತಲೆಯನ್ನೂ ದಾಟಿತು. ತುದಿಯಲ್ಲಿ ಬಿಳಿಯ ಹೂಗೊಂಚಲುಗಳು ಆ ಕತ್ತಲ ಮೂಲೆಯಲ್ಲಿ ಹಚ್ಚಿಟ್ಟ ದೀಪಗಳಂತೆ ನಿಂತವು.

ಅಕ್ಕ ಸಲಿಕೆ ಹಿಡಿದೇ ಬಂದಳು. ಅವನು ಅಡ್ಡ ನಿಂತ.

“ಈಗ ಬೇಡಕ್ಕಾ. ಹೂ ಉದುರಲಿ, ಎಲೆ ಬಾಡಲಿ. ಗಡ್ಡೆ ಮಲಗಿದ ಮೇಲೆ ನಾನೇ ತುಂಡು ಮಾಡಿ ತಂದುಕೊಡ್ತೀನಿ.”

ಅಕ್ಕ ಹೆಂಡತಿಯ ಕಡೆ ತಿರುಗಿದಳು. “ಇವನು ನನ್ನ ತಮ್ಮನೇ ತಾನೇ?”

ಆಮೇಲೆ ಮೆಲ್ಲಗೆ ಕುಕ್ಕರಗಾಲಲ್ಲಿ ಕೂತು ಮಣ್ಣಿನತ್ತ ಬೆರಳು ಚಾಚಿದಳು. “ಬೇರು ಎಷ್ಟು ಆಳ ಇಳಿದಿದೆಯೋ... ಒಂಚೂರೇ ಕಣೋ...”

ಅವನು ರಟ್ಟಿನ ಮೇಲಿನ ಧೂಳೊರಸಿ ಅವಳ ಕಡೆಗೆ ತಿರುಗಿಸಿಟ್ಟ.