ಹನಮವ್ವನ ಉದ್ದ ಕೊರಳಿನ ಬುಟ್ಟಿ

ಹನಮವ್ವ ಬುಟ್ಟಿ ಹೆಣೆಯುವಾಗ ಬಿದಿರಿನ ಸೀಳನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಬಯ್ಯುತ್ತಿದ್ದಳು. ಬಾಯಿ ತೆರೆಯದೆ ಬೈಗುಳವನ್ನು ಅಷ್ಟು ಸ್ಫುಟವಾಗಿ ಉಚ್ಚರಿಸಬಲ್ಲ ಇನ್ನೊಂದು ಜೀವವನ್ನು ನಾನಂತೂ ಕಾಣೆ. ಬಾದಾಮಿಯ ಕಡುಬಿಸಿಲಿನಲ್ಲೂ ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಕೋಟು, ಅದರ ಜೇಬಿನಲ್ಲಿ ಅವನ ದಮ್ಮಿನ ಗುಳಿಗೆ. ಗಂಡ ಯಮನಪ್ಪನದು ಎರಡು ಮಾತಿಗೊಮ್ಮೆ ಉಸಿರೆಳೆದುಕೊಳ್ಳಬೇಕಾದ ಉಬ್ಬಸದ ದೇಹ. ಕೂತು ಉಣ್ಣುವ ನಾಚಿಕೆಯಿಂದ ಆತ ತಲೆಯೆತ್ತಿ ಮಾತಾಡಿದ್ದೇ ಕಡಿಮೆ. ಮಲಪ್ರಭೆಯ ದಂಡೆಯ ಆ ಸಂಸಾರ ನಡೆಯುತ್ತಿದ್ದದ್ದು ಏಡಿ ಹಿಡಿಯುವವರಿಗೆ ಆಕೆ ಹೆಣೆದು ಕೊಡುತ್ತಿದ್ದ ಬುಟ್ಟಿಗಳಿಂದ.

ಎಪ್ಪತ್ತೆಂಟರ ಮಳೆಗಾಲ ಕಳೆದ ಮೇಲೆ, ಏಡಿ ಹಿಡಿಯುವ ಅಮೀನಸಾಬ ಅವಳ ಅಂಗಳದಲ್ಲಿ ತನ್ನ ಬುಟ್ಟಿಯನ್ನು ಬೋರಲು ಹಾಕಿದ. ಏಡಿಗಳ ಜೊತೆ ಸತ್ತ ಆಮೆಯೊಂದು ಬಿತ್ತು.

"ನೀರಾಗಿನ ಜೀವ ನೀರಾಗ ಹೆಂಗ ಸಾಯತೈತಿ? ಯಾರೋ ಹೊಳಿಗಿ ವಿಷ ಹಾಕ್ಯಾರ!" ಎಂದು ಹನಮವ್ವ ಊರಿಗೆಲ್ಲ ಶಾಪ ಹಾಕತೊಡಗಿದಳು.

"ಆಮಿ ಮೀನಲ್ಲ," ಎಂದ ಯಮನಪ್ಪ, ಏದುತ್ತ. "ಮ್ಯಾಲ ಬಂದು ಉಸುರ ತಗೋಬೇಕು. ಬುಟ್ಟ್ಯಾಗ ಸಿಕ್ಕು... ದಮ್ಮ ಕಟ್ಟಿ ಸತ್ತೈತಿ."

ಅಯ್ಯೋ, ಆ 'ದಮ್ಮ' ಎಂಬ ಮಾತು ಅವಳಿಗೆ ಎಷ್ಟು ನಾಟಿತು! ಗಂಡನ ಬೆನ್ನು ತಿಕ್ಕುತ್ತ, ಮುಂದಿನ ಉಸಿರು ಬರುವುದೋ ಇಲ್ಲವೋ ಎಂದು ಜೀವ ಕೈಯಲ್ಲಿ ಹಿಡಿದು ಕೂತವಳಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅಲ್ಲಿಂದ ಮುಂದೆ ಅವಳ ಬುಟ್ಟಿಗಳಿಗೆ ಆಮೆ ಹತ್ತಿ ಬರುವಷ್ಟು ಅಗಲದ, ಗಾಳಿಯಾಡುವ ಜಾಳು ಮುಚ್ಚಳದ ಉದ್ದ ಕೊರಳು ಬಂತು. ಅದರ ತುದಿ ನೀರಿನ ಮೇಲೆ ನಿಲ್ಲುವಂತೆ ಬುಟ್ಟಿ ಇಡಬೇಕು, ಆಮೆ ಸಿಕ್ಕರೆ ಹೊಳೆಗೆ ಬಿಡಬೇಕು ಎಂಬುದು ಅವಳ ಕರಾರು.

"ಹನಮಕ್ಕಾ, ಬುಟ್ಟಿಗಿ ಒಂಟೀಗಿದ್ದಂಗ ಉದ್ದ ಕುತಗಿ ಯಾಕಬೇ?" ಎಂದು ಅಮೀನಸಾಬ ನಕ್ಕ. ನಗೆಗಿಂತ ತಕರಾರು ದೊಡ್ಡದಿತ್ತು: ನೀರಿನ ಮೇಲೆ ತಲೆಯೆತ್ತಿದ ಬುಟ್ಟಿ ಏಡಿಗಳ್ಳರ ಕಣ್ಣಿಗೆ ಬೀಳುತ್ತದೆ.

"ಬೇಕಾದ್ರ ಒಯ್ಯಿ, ಬ್ಯಾಡಾದ್ರ ಬಿಡು. ಉಸುರ ಕಟ್ಟೋ ಬುಟ್ಟಿ ನಾ ಹೆಣ್ಯಾಂಗಿಲ್ಲ."

ಗಿರಾಕಿಗಳು ಬೇರೆ ಊರಿನ ದಾರಿ ಹಿಡಿದರು. ಒಲೆ ಹೊತ್ತುವುದೇ ಕಷ್ಟವಾಯಿತು. ತನ್ನ ಮಾತಿನಿಂದ ಮನೆ ಕೆಟ್ಟಿತೆಂದು ಯಮನಪ್ಪ ಹಳೆಯ ಬಗೆಯ ಬುಟ್ಟಿಯನ್ನೇ ಹೆಣೆಯೆಂದು ಅಂಗಲಾಚಿದ. "ಸುಮ್ಮ ಕುಂದರ್ರಿ," ಎಂದಳು.

ಕೊನೆಗೊಮ್ಮೆ, ತನ್ನ ಬುಟ್ಟಿ ಮುರಿದು, ಬೇರೆ ಊರಿಗೆ ಹೋಗಿ ತರಲು ಪುರುಸೊತ್ತಿಲ್ಲದೆ, ಅಮೀನಸಾಬ ಗೊಣಗುತ್ತಲೇ ಕೊರಳಿನ ಬುಟ್ಟಿಯನ್ನು ಒಯ್ದ. ಮರುದಿನ ಮುಂಜಾನೆ ಒದ್ದೆ ಮೈಯಲ್ಲೇ ಓಡಿ ಬಂದ.

"ಅಕ್ಕಾ, ಆಮಿ ಸಿಕ್ಕಿತ್ತು! ಮೂಗ ಮ್ಯಾಲ ಇಟ್ಟು ಥೇಟ್ ನಮ್ಮ ಯಮನಪ್ಪಣ್ಣನಂಗ ಫುಸ್ ಫುಸ್ ಅಂತಿತ್ತು. ಹೊಳಿಗಿ ಬಿಟ್ಟ ಬಂದೇನಿ. ಇನ್ನ ಇಂಥಾವ ಕೊಡು, ಕಳ್ಳರನ್ನ ನಾ ನೋಡ್ಕೋತೇನಿ."

ಯಮನಪ್ಪ ಕೆಮ್ಮು ಬರುವವರೆಗೆ ನಕ್ಕ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಈ ಸುಡುಗಾಡ ದಮ್ಮಿನಿಂದ ಒಂದು ಜೀವ ಉಳೀತಲ್ಲ," ಎಂದ. "ನಿನ್ನ ಉಪಕಾರ ಹೆಂಗ ತೀರಸ್ಲಿ?"

ಹನಮವ್ವ ಬಯ್ಯಲಿಲ್ಲ. ಅವನ ಪಕ್ಕದಲ್ಲಿ ಕೂತು ಅತ್ತುಬಿಟ್ಟಳು.

ಕರುಣೆಯ ಕುರಿತು ಪ್ರವಚನ ಮಾಡುವವರನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಹನಮವ್ವನಂಥವರ ಜಾತಿ ಬೇರೆ: ಮನೆಯ ಒಬ್ಬರ ಸಂಕಟವನ್ನು ಅವರು ಎಷ್ಟು ಹತ್ತಿರದಿಂದ ನೋಡಿರುತ್ತಾರೆಂದರೆ, ಅದೇ ಸಂಕಟ ಹೊಳೆಯಲ್ಲಿ ಎದುರಾದರೂ ಗುರುತು ಹಿಡಿಯುತ್ತಾರೆ, ಹಿಡಿದ ಮೇಲೆ ಕಾಣದವರಂತೆ ಇರುವುದು ಅವರಿಂದ ಆಗುವುದಿಲ್ಲ. ಅಂಥವರ ನೆರೆಯಲ್ಲಿ ಬಾಳಿದ ನನಗೆ ಕೈಮುಗಿಯಲು ಬೇರೆ ಕಾರಣ ಬೇಕಾಗಿಲ್ಲ.