ಪ್ರಬಂಧ ಹಿಂತೆಗೆದುಕೊಂಡ ಅರುಣಾ ಮೇಡಂ

ಪ್ರಶ್ನೆ ಕೇಳಿ ಸುಮ್ಮನಾಗುವ ಕಲೆ ಅರುಣಾ ಮೇಡಂ ಅವರಿಗೆ ಸಿದ್ಧಿಸಿದಷ್ಟು ನಾನು ಕಂಡ ಬೇರೆ ಯಾರಿಗೂ ಸಿದ್ಧಿಸಿಲ್ಲ. ತುಮಕೂರಿನ ನಮ್ಮ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸುವ ಅವರು, ಊಟ ಆಯಿತೇ ಎಂದು ಕೇಳಿದರೂ ಉತ್ತರ ಬರುವವರೆಗೆ ಹೆಜ್ಜೆ ಎತ್ತುವುದಿಲ್ಲ; ಹಾಗಾಗಿ ಸ್ಟಾಫ್ ರೂಮಿನ ಅನೇಕರು ಅವರೆದುರು ನಿಜ ಹೇಳಿಬಿಟ್ಟು ಆಮೇಲೆ ಪೇಚಾಡಿಕೊಂಡಿದ್ದಾರೆ. ನಡಿಗೆ ಮಾತ್ರ ಇದಕ್ಕೆ ತದ್ವಿರುದ್ಧ: ಹೆಗಲಿನ ಚೀಲದ ಭಾರಕ್ಕೆ ಎಡಕ್ಕೆ ವಾಲಿಕೊಂಡು, ಏಪ್ರಿಲ್ ಬಿಸಿಲಿನಲ್ಲೂ ಬಿಚ್ಚದ ಕಂದು ಸ್ವೆಟರಿನ ತೋಳನ್ನು ಮೊಣಕೈವರೆಗೆ ಏರಿಸಿಕೊಂಡು, ಬಸ್ಸು ತಪ್ಪಿಹೋಗುತ್ತದೆಂಬಂತೆ ಧಾವಿಸುತ್ತಾರೆ. ಆದರೆ ಆ ಮೌನ ಹುಟ್ಟಿನಿಂದ ಬಂದದ್ದಲ್ಲ. ಅವರು ಅದನ್ನು ಕಲಿತದ್ದು ನನ್ನ ಕಣ್ಣೆದುರೇ.

ಹೊಸದಾಗಿ ತಾಯಿತಂದೆಯರಾದವರ ಮನಸ್ಸು, ಅದರಿಂದ ಇಡೀ ಮನೆಯ ನೆಮ್ಮದಿಯ ಮೇಲಾಗುವ ಪರಿಣಾಮ, ಇವು ಅವರ ಸಂಶೋಧನೆಯ ವಿಷಯ. ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಮುನ್ನೂರ ಹನ್ನೆರಡು ಬಾಣಂತಿಯರನ್ನು ಸ್ವತಃ ಕಂಡು ಪ್ರಶ್ನಾವಳಿ ತುಂಬಿಸಿದ್ದರು. ಅದನ್ನು ಕನ್ನಡಕ್ಕೆ ತಂದವನು ಕನ್ನಡ ಮೇಷ್ಟ್ರಾದ ನಾನು. 'ಖಿನ್ನತೆ', 'ನಿರುತ್ಸಾಹ' ಎಂದೆಲ್ಲ ಬರೆದು ಒಳಗೊಳಗೇ ಹೆಮ್ಮೆಪಟ್ಟವನು. ತವರಿನಲ್ಲಿ ಬಾಣಂತನ ಮಾಡಿಸಿಕೊಂಡವರ ಮನಸ್ಸು ನೆಮ್ಮದಿಯಿಂದಿರುತ್ತದೆ ಎಂಬುದು ಅವರ ನಿಷ್ಕರ್ಷೆ. ಪ್ರಬಂಧ ಪ್ರತಿಷ್ಠಿತ ಪತ್ರಿಕೆಯೊಂದರಲ್ಲಿ ಸ್ವೀಕೃತವಾಗಿತ್ತು. ಪ್ರೊಫೆಸರ್ ಹುದ್ದೆಯ ಸಂದರ್ಶನಕ್ಕೆ ಎರಡೇ ತಿಂಗಳಿತ್ತು.

ಆಗ ಗುಬ್ಬಿ ತಾಲ್ಲೂಕಿನ ಕಡಬದ ಆಶಾ ಕಾರ್ಯಕರ್ತೆ ಮಾಲಿನಿಯಿಂದ ಅವರಿಗೆ ಫೋನು ಬಂತು. ಬಾಣಂತನಕ್ಕೆಂದು ತವರಿಗೆ ಬಂದಿದ್ದ ಭೂಮಿಕಾ, ಮೂರು ತಿಂಗಳ ಮಗುವನ್ನು ತೊಟ್ಟಿಲಲ್ಲೇ ಬಿಟ್ಟು ಬಸ್ಸು ಹತ್ತಿ, ಗುಬ್ಬಿ ಬಸ್ ನಿಲ್ದಾಣದಲ್ಲಿ ಸಂಜೆವರೆಗೂ ಒಬ್ಬಳೇ ಕೂತಿದ್ದಳಂತೆ. ಪರಿಚಯದ ಕಂಡಕ್ಟರೊಬ್ಬರು ಕಂಡು ಮನೆ ಸೇರಿಸಿದ್ದರು. ಅರುಣಾ ಅವಳ ಹಾಳೆ ಹುಡುಕಿ ತೆಗೆದರು. ಹತ್ತು ಪ್ರಶ್ನೆಗೂ 'ಇಲ್ಲ' ಎಂಬ ಉತ್ತರ. ಉತ್ತರಿಸಿದ್ದು ಭೂಮಿಕಾ ಅಲ್ಲ, ಪಕ್ಕದಲ್ಲಿ ಕೂತಿದ್ದ ಅವಳ ತಾಯಿ ರಂಗಲಕ್ಷ್ಮಮ್ಮ ಎಂಬುದು ಆಗ ನೆನಪಾಯಿತು. ಮಗಳು ತಲೆ ಆಡಿಸಿದ್ದಳು, ಇವರು ಅವಸರದಲ್ಲಿ ಬರೆದುಕೊಂಡು ಮುಂದಿನ ಮನೆಗೆ ನಡೆದಿದ್ದರು.

ಆ ಒಂದು ಹಾಳೆ ತೆಗೆದುಹಾಕಿದರಾಯಿತು ಎಂದು ವಿಭಾಗದ ಮುಖ್ಯಸ್ಥರು ಸಮಾಧಾನ ಹೇಳಿದರು. ಅರುಣಾ ಒಪ್ಪಲಿಲ್ಲ. "ಮಿಕ್ಕಿದ್ ಮನೆಗಳಲ್ಲಿ ನಾನ್ ಯಾರ್ ಮಾತು ಬರ್ಕೊಂಡೆ ಅಂತ ನಂಗೇ ಗೊತ್ತಿಲ್ಲ ಸಾರ್," ಎಂದವರು ಅಂದೇ ಪತ್ರಿಕೆಗೆ ಬರೆದು ಪ್ರಬಂಧವನ್ನು ಹಿಂತೆಗೆದುಕೊಂಡರು.

ಮುಂದಿನ ಭಾನುವಾರ ಕಡಬಕ್ಕೆ ನನ್ನನ್ನೂ ಕರೆದೊಯ್ದರು. ಭೂಮಿಕಾ ಒಳಕೋಣೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿದ್ದಳು. ರಂಗಲಕ್ಷ್ಮಮ್ಮನವರು, ಎಣ್ಣೆ ಸ್ನಾನ, ಪಥ್ಯ, ಆರೈಕೆ ಯಾವುದಕ್ಕೂ ಕೊರತೆ ಮಾಡಿಲ್ಲವೆಂದು, ಯಾರೋ ಆಪಾದಿಸಿದಂತೆ ಒಂದೇ ಸಮನೆ ಹೇಳತೊಡಗಿದರು. ಎಲ್ಲವನ್ನೂ ಕೇಳಿಸಿಕೊಂಡ ಅರುಣಾ, "ಭೂಮಿಕಾನ ಹೆತ್ತಾಗ ನೀವ್ ಹೆಂಗಿದ್ರಿ ಅಮ್ಮ?" ಎಂದರು. ಆಮೇಲೆ ಸುಮ್ಮನಾದರು. ನನಗೇ ಚಡಪಡಿಕೆಯಾಗುವಷ್ಟು ಹೊತ್ತು ಸುಮ್ಮನಿದ್ದರು.

"ಯಾರೂ ಕೇಳ್ಲಿಲ್ಲ ಕಣವ್ವ," ಎಂದರು ಆಕೆ ಕೊನೆಗೆ. "ಇವ್ಳು ಅತ್ರೆ ಎದ್ದು ಎಲ್ಗಾರ ಹೊಂಟೋಗನ ಅನ್ಸದು. ಪಾಪಿ ಅಂತಾರೆ ಅಂತ ಬಾಯ್ ಬುಡ್ಲಿಲ್ಲ."

ಒಳಗಿದ್ದ ಭೂಮಿಕಾ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು. "ನಂಗೂ ಅಂಗೇ ಆಗದು ಕಣಮ್ಮ. ಹೇಳಿದ್ರೆ ನೊಂದ್ಕೋತೀಯ ಅಂತ ಸುಮ್ನಿದ್ದೆ."

ತಾಯಿ ಮಗಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಅಲ್ಲಿಂದಾಚೆ ತುಮಕೂರಿನ ವೈದ್ಯರ ಚಿಕಿತ್ಸೆ ನಡೆಯಿತು. ಅಲ್ಲಿನ ಶಿರಾ ಗೇಟಿನಲ್ಲಿ ಮೊಬೈಲ್ ರಿಪೇರಿ ಅಂಗಡಿಯಿಟ್ಟಿರುವ ಗಂಡ ಮುತ್ತುರಾಜ್ ದಿನವೂ ಸಂಜೆ ಕಡಬಕ್ಕೆ ಬಂದು ಮಗುವನ್ನು ನೋಡಿಕೊಂಡ. ದಸರೆಯ ಹೊತ್ತಿಗೆ ಭೂಮಿಕಾ ಚೇತರಿಸಿಕೊಂಡಿದ್ದಳು.

ಅರುಣಾ ಮೊದಲ ಮನೆಯಿಂದ ಮತ್ತೆ ಆರಂಭಿಸಿದರು. ಈಗ ಹಿರಿಯರನ್ನೂ ಬಾಣಂತಿಯನ್ನೂ ಬೇರೆಬೇರೆಯಾಗಿ ಕೂರಿಸಿ ಮಾತಾಡಿಸುತ್ತಾರೆ. ನನ್ನ 'ಖಿನ್ನತೆ'ಯನ್ನು ಹೊಡೆದುಹಾಕಿ, ಬೆಳಗ್ಗೆ ಎದ್ದಾಗ ಮನಸ್ಸಿಗೆ ಏನನಿಸುತ್ತದೆ ಎಂದು ಬರೆದುಕೊಂಡಿದ್ದಾರೆ. ಪ್ರೊಫೆಸರ್ ಹುದ್ದೆ ಬೇರೆಯವರಿಗೆ ಹೋಯಿತು. ಬೇಸರವಿಲ್ಲವೇ ಎಂದು ನಾನು ಕೇಳಿದ್ದಕ್ಕೆ, "ಇದೆ ಸಾರ್, ಸುಳ್ಳ್ಯಾಕೆ ಹೇಳ್ಲಿ," ಎಂದು, ಕುಣಿಗಲ್ ಕಡೆಯ ಮನೆಗಳಿಗೆ ಹೋಗಲು ಕೊತ್ತಗೆರೆಯ ಬಸ್ಸು ಹಿಡಿಯಲು ಓಡಿದರು.

ತಮ್ಮ ತಪ್ಪನ್ನು, ಯಾರೂ ಬೊಟ್ಟುಮಾಡದಿದ್ದಾಗಲೂ, ತಾವೇ ಬರೆದು ತಿಳಿಸುವ ವಿದ್ವಾಂಸರು ಎಲ್ಲ ಕಾಲದಲ್ಲೂ ಕೆಲವರೇ. ಇಂಥವರ ಪ್ರಕಟಣೆಗಳ ಪಟ್ಟಿ ಚಿಕ್ಕದಾಗಿರುತ್ತದೆ, ಬಡ್ತಿ ತಡವಾಗಿ ಬರುತ್ತದೆ. ಆದರೆ ಅವರು ಒಮ್ಮೆ ಹೋದ ಮನೆಗೆ ಮತ್ತೆ ಹೋದಾಗ ಯಾರೂ ಅವರನ್ನು ಹೊಸ್ತಿಲಾಚೆ ನಿಲ್ಲಿಸಿ ಮಾತಾಡಿಸುವುದಿಲ್ಲ, ಒಳಗೆ ಕರೆದು ಮಗುವನ್ನು ಕೈಗೆ ಕೊಡುತ್ತಾರೆ.