ಒಬ್ಬರೇ ಕೂರುವ ದೋಣಿ

ಅವಳ ಮೊಣಕೈವರೆಗೆ ಕೆಂಪಗೆ ಉಬ್ಬಿದ್ದ ದದ್ದುಗಳನ್ನು ನೋಡಿ ಡಾಕ್ಟರಮ್ಮ, "ಆ ಎಪಾಕ್ಸಿ ಅಂಟು ನಿಮ್ಮ ಮೈಗೆ ಆಗಿಬರಲ್ಲ. ಇನ್ನು ಅದರ ಹತ್ತಿರ ಸುಳೀಬೇಡಿ, ಯಾವತ್ತೂ," ಎಂದಿದ್ದರು. ಸೆಕೆಯೆಂದು ಕೈಗವಸು ಕಳಚಿಟ್ಟು ಅಂಟು ಬಳಿದವಳು ತಾನೇ, ಯಾರನ್ನು ದೂರುವುದು?

ಹಿತ್ತಿಲ ಶೆಡ್ಡಿನಲ್ಲಿ ಕಯಾಕ್ ಬೋರಲಾಗಿ ಮಲಗಿತ್ತು. ಲಾಂಡ್ರಿಯಲ್ಲಿ ಊರವರ ಬಟ್ಟೆ ಒಗೆದು, ಇಸ್ತ್ರಿ ಮಾಡಿ ಸವೆದ ಕೈಗಳು ತೆಳು ಮರದ ಪಟ್ಟಿಗಳನ್ನು ಒಂದೊಂದಾಗಿ ಬಾಗಿಸಿ ಕಟ್ಟಿದ ದೋಣಿ. ಕೂರಲು ಒಂದೇ ಜಾಗ. "ಇಬ್ಬರಿಗಾದ್ರೂ ಮಾಡಬಾರದಾ?" ಎಂದು ಗಂಡ ಕೇಳಿದಾಗ ಅವಳು ಮುಂದಿನ ಪಟ್ಟಿ ಬಾಗಿಸತೊಡಗಿದ್ದಳು. ಮನೆಯಲ್ಲಿ ಇನ್ನೊಬ್ಬರ ಕೈ ತಾಗದ ವಸ್ತು ಒಂದಾದರೂ ಇರಲಿ ಎಂಬ ಆಸೆ. ಆದರೆ ಗಾಜಿನ ನಾರಿನ ಬಟ್ಟೆ ಹೊದಿಸಿ ಎಪಾಕ್ಸಿ ಕುಡಿಸದಿದ್ದರೆ ಆ ಮರ ನೀರು ಹೀರಿ ಬಿರಿಯುತ್ತದೆ. ವರ್ಷದ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಕೊನೆಗೆ ನಾದಿನಿಯನ್ನೇ ಕರೆಯಬೇಕಾಯಿತು. ಸಲೂನಿನಲ್ಲಿ ಹೆಂಗಸರ ತಲೆಗೆ ಬಣ್ಣ ಹಚ್ಚುವವಳು. ಮೊದಲ ದಿನವೇ ದೋಣಿಗೆ "ಅತ್ತಿಗೆಯ ಬಾಳೆಕಾಯಿ" ಎಂದು ಹೆಸರಿಟ್ಟವಳು.

"ನೀವು ಬಾಗಿಲಾಚೆ ಕೂತು ಹೇಳಿ ಅತ್ತಿಗೆ. ಕೈ ನಂದು, ಬಾಯಿ ನಿಮ್ದು. ಬಾಯಿಗೇನೂ ದದ್ದು ಬಂದಿಲ್ವಲ್ಲ."

"ಬಟ್ಟೆ ಎಳೀಬೇಡ ಕಣೆ. ನಡುವಿಂದ ಅಂಚಿಗೆ, ರಬ್ಬರ್ ಪಟ್ಟೀಲಿ ಹಗುರವಾಗಿ ಸವರು. ಒಂದೊಂದು ಲೋಟದಷ್ಟೇ ಕಲಸು."

ಎಪಾಕ್ಸಿ ಬಿದ್ದಲ್ಲೆಲ್ಲ ಬಿಳಿ ಬಟ್ಟೆ ಕಣ್ಣೆದುರೇ ಮಾಯವಾಗಿ ಮರದ ಕೆಂಪು ಎದ್ದು ಬಂತು. ತನ್ನ ಕೈಯಡಿ ಆಗಬೇಕಿದ್ದದ್ದು. ಅವಳು ಸ್ಟೂಲಿನ ಮೇಲೆ ಕೂತು ನೋಡಿದಳು. ಬೆನ್ನು ನೋಯುತ್ತಿತ್ತು; ಸುಮ್ಮನೆ ಕೂರುವುದೂ ಒಂದು ದುಡಿಮೆಯೆಂದು ಅವಳಿಗೆ ಗೊತ್ತಿರಲಿಲ್ಲ.

ಅರ್ಧ ದೋಣಿ ಮುಗಿದಿತ್ತು. "ಅತ್ತಿಗೆ, ಡಬ್ಬ ಸುಡ್ತಿದೆ," ಎಂದಳು ನಾದಿನಿ. ಡಬ್ಬದಿಂದ ಹೊಗೆ ಏಳುತ್ತಿತ್ತು.

"ಹಿಂದಿನ ಬಾಗಿಲಿಂದ ಒಯ್ದು ಮಣ್ಣಿನ ಮೇಲಿಡು. ಎಷ್ಟು ಕಲಸಿದೆ?"

"ಡಬ್ಬದ ತುಂಬ. ಸಲೂನಲ್ಲಿ ಬಣ್ಣ ಒಂದೇ ಸಲ ಕಲಸಿಟ್ಕೋತೀವಿ. ಪದೇ ಪದೇ ಯಾರು ಕಲಸ್ತಾರೆ?"

"ಅದು ತಲೆ. ಇದು ರಾಶಿಯಾಗಿಟ್ಟರೆ ತಾನೇ ಕಾದು ಕಲ್ಲಾಗತ್ತೆ. ಒಂದೊಂದೇ ಲೋಟ ಅಂದಿದ್ನಲ್ಲೇ."

ಹೊಗೆಯ ಡಬ್ಬ ಆಚೆ ಹೋಯಿತು. ಹಚ್ಚಿದ ಭಾಗದ ಅಂಚು ಆಗಲೇ ಅಂಟಂಟಾಗುತ್ತಿತ್ತು. ಅದು ಗಟ್ಟಿಯಾದರೆ ಉಳಿದರ್ಧ ಅದರೊಡನೆ ಕೂಡುವುದಿಲ್ಲ. ಅವಳು ಎದ್ದಳು. ಅಂಗಿಯ ತೋಳು ಕೆಳಗೆಳೆದುಕೊಂಡು ಹೊಸಿಲಿಗೆ ಕಾಲಿಟ್ಟಳು. ಬೆಂದರೆ ಬೇಯಲಿ ಕೈ.

ನಾದಿನಿ ಜಿಗುಟು ಕೈಗವಸುಗಳನ್ನು ಎತ್ತಿ ಅಡ್ಡ ನಿಂತಳು. "ಇನ್ನೊಂದು ಹೆಜ್ಜೆ ಇಟ್ರೆ ನಿಮ್ಮ ಕೆನ್ನೆಗೆ ಬಳೀತೀನಿ. ಆಮೇಲೆ ನಮ್ಮಣ್ಣಂಗೆ ಉತ್ತರ ಹೇಳೋಳು ನಾನಲ್ಲ."

"ನಿಂಗಾಗಲ್ಲ ಕಣೆ."

"ಆಗಲ್ಲ. ಆದ್ರೂ ಮಾಡ್ತೀನಿ. ಲೋಟ ಎಲ್ಲಿದೆ ಹೇಳಿ."

ಅವಳು ಕಾಲು ಹಿಂತೆಗೆದು, "ಕಿಟಕಿ ಮೇಲೆ," ಎಂದಳು.

ನಾದಿನಿ ಈ ಸಲ ಒಂದೊಂದೇ ಲೋಟ ಕಲಸಿದಳು. ರಬ್ಬರ್ ಪಟ್ಟಿಯ ಸದ್ದು ಮೊದಮೊದಲು ಗೀರಿದಂತಿತ್ತು; ಬರಬರುತ್ತ ಉದ್ದವಾಯಿತು, ಹಗುರವಾಯಿತು. ದೋಣಿಯ ತಳದಲ್ಲಿ ಅಂಗೈಯಗಲದ ಒಂದು ಬಿಳಿ ಮಚ್ಚೆ ಉಳಿದಿತ್ತು. ಅಲ್ಲಿ ಇನ್ನಷ್ಟು ಕುಡಿಸು ಎನ್ನಬೇಕೆಂದು ಅತ್ತಿಗೆ ಬಾಯಿ ತೆರೆದಳು. ಅಷ್ಟರಲ್ಲಿ ನಾದಿನಿ ತಾನೇ ಅತ್ತ ಬಾಗಿದಳು. ಅತ್ತಿಗೆ ಮತ್ತೆ ಸ್ಟೂಲಿನ ಮೇಲೆ ಕೂತು ಗೋಡೆಗೆ ತಲೆ ಆನಿಸಿದಳು.

"ಇಲ್ಲಿಗೆ ಸಾಕಾ ಅತ್ತಿಗೆ?"

ಕೇಳಿಸಿತು. ಉತ್ತರ ಕೊಡಲು ರೆಪ್ಪೆ ಎತ್ತಬೇಕಿತ್ತು, ಅದು ಏಳಲಿಲ್ಲ.

"ನೋಡಿದ್ರಾ, ತಪ್ಪು ಹುಡುಕೋರೇ ನಿದ್ದೆ ಹೋದ್ರು," ಎಂದು ದೋಣಿಗೆ ಹೇಳುತ್ತ ನಾದಿನಿ ಇನ್ನೊಂದು ಲೋಟ ಕಲಸತೊಡಗಿದಳು, ಕಡ್ಡಿ ಲೋಟಕ್ಕೆ ತಾಗಿ ಸದ್ದಾಗದ ಹಾಗೆ.